ಬೆಂಕಿ ಗಂಟೆ ಮತ್ತು ಶಿವಮೂರ್ತಪ್ಪನವರ ಪೂಜೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಳ್ಳಕೆರೆಯ ನಮ್ಮ ವೃದ್ಧಾಶ್ರಮದಲ್ಲಿ ಹದಿನಾಲ್ಕು ಜನ ಹಿರಿಯರು. ಅವರನ್ನು ನೋಡಿಕೊಳ್ಳಲು ನಾನು ಮತ್ತು ಅಡುಗೆಯ ಪಾತಮ್ಮ, ಇಬ್ಬರೇ. ನಾನು ದನಿ ಎತ್ತದಿದ್ದರೆ ಮಧ್ಯಾಹ್ನದ ಊಟ ಸಂಜೆಗೆ ಆಗುತ್ತದೆ.

ಹೋದ ವರ್ಷ ಟ್ರಸ್ಟಿನವರು ಪ್ರತಿ ಕೋಣೆಯ ಚಾವಣಿಗೂ ಹೊಗೆ ಪತ್ತೆಹಚ್ಚುವ ಯಂತ್ರ ಕೂಡಿಸಿದರು. ಹೊಗೆ ದಟ್ಟವಾದರೆ ಸಾಕು, ಬೀದಿಗೆಲ್ಲ ಕೇಳುವಂತೆ ಗಂಟೆ ಬಡಿದುಕೊಳ್ಳುತ್ತದೆ. ಅದನ್ನು ಕೂಡಿಸಿದ ಚಂದ್ರಶೇಖರ್ ತಿಂಗಳಿಗೊಮ್ಮೆ ಬೆಳಿಗ್ಗೆ ಬಂದು, ಹೇಳದೆ ಕೇಳದೆ ಗಂಟೆ ಬಾರಿಸಿ, ಮೊಬೈಲಿನಲ್ಲಿ ಸಮಯ ನೋಡುತ್ತಾ ನಿಲ್ಲುತ್ತಾನೆ. ನಾಲ್ಕು ನಿಮಿಷದೊಳಗೆ ಎಲ್ಲರೂ ಅಂಗಳದ ಬೇವಿನ ಮರದಡಿ ಇರಬೇಕು. ನಡೆಯಲಾಗದವರಿಗೆ ನಡೆಯಬಲ್ಲವರೊಬ್ಬರನ್ನು ಜೋಡಿ ಮಾಡಿದ್ದೇವೆ. ಅವರನ್ನು ಕರೆದುಕೊಂಡೇ ಇವರು ಹೊರಗೆ ಬರಬೇಕು.

ಕೊನೆಯ ಕೋಣೆಯ ಓಬಣ್ಣನಿಗೆ ಜೋಡಿ ಅದೇ ಕೋಣೆಯ ಶಿವಮೂರ್ತಪ್ಪನವರು. ಓಬಣ್ಣ ವರವು ಕಾವಲಿನ ಹುಲ್ಲುಗಾವಲಿನಲ್ಲಿ ದನ ಕಾಯ್ದವನು. ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಗಾಲಿಕುರ್ಚಿಯೇ ಗತಿ. ಶಿವಮೂರ್ತಪ್ಪನವರು ಎಣ್ಣೆ ಮಿಲ್ಲು ನಡೆಸಿದವರು, ಎಪ್ಪತ್ತೆರಡರಲ್ಲೂ ಗಟ್ಟಿಮುಟ್ಟು. ಆದರೆ ಗಂಟೆ ಬಾರಿಸಿದಾಗಲೆಲ್ಲ ಅವರು ಪೂಜೆಗೆ ಕುಳಿತಿರುತ್ತಿದ್ದರು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡರೆ ಮುಗಿಯಿತು, ಪೂಜೆ ಆಗುವ ತನಕ ಏಳುವುದಿಲ್ಲ, ಮಾತಾಡುವುದಿಲ್ಲ. ಆ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಮಾತೇ ಇಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆಂದು ಕರಡಿಗೆ ಬಿಚ್ಚಿ ನರ್ಸ್ ಕೈಗೆ ಕೊಡಿ ಅಂದದ್ದಕ್ಕೆ ಸ್ಕ್ಯಾನಿಂಗೇ ಬೇಡವೆಂದು ಎದ್ದು ಬಂದ ಮನುಷ್ಯ.

ಮೂರು ಸಲ ಗಂಟೆ ಬಾರಿಸಿದ್ದಾಯಿತು. ಮೂರು ಸಲವೂ ಮರದಡಿ ಹನ್ನೆರಡೇ ಜನ.

"ಟೈಮ್ ಬದಲಾಯಿಸಪ್ಪ, ಹತ್ತೂವರೆಗೆ ಬಾ," ಎಂದೆ ಚಂದ್ರಶೇಖರನಿಗೆ.

"ಬೆಂಕಿ ಏನ್ ಟೈಮ್ ನೋಡ್ಕಂಡ್ ಬರ್ತೈತಾ ಮೇಡಂ? ಇವತ್ತು ನಿಜವಾಗ್ಲೂ ಬೆಂಕಿ ಬಿದ್ದಿದ್ರೆ ಆ ಓಬಣ್ಣ ಅಲ್ಲೇ ಹೋಗ್ತಿದ್ದ."

ಆ ಮಾತು ಎದೆಗೆ ನಾಟಿತು. ನೇರ ಕೊನೆಯ ಕೋಣೆಗೆ ಹೋದೆ. ಪೂಜೆ ಆಗಷ್ಟೇ ಮುಗಿದಿತ್ತು.

"ಸಾವ್ಕಾರ್ರೇ, ನಿಮ್ಗೆ ಶಿವ ಅದಾನೆ. ಓಬಣ್ಣಂಗೆ ಯಾರು? ಕುರ್ಚಿ ತಳ್ಳೋರಿಲ್ದಿದ್ರೆ ಅವ್ನು ಬಾಗ್ಲೂ ದಾಟಲ್ಲ."

"ಸುಳ್ಳು ಗಂಟೆಗೆಲ್ಲ ಪೂಜೆ ಬಿಟ್ಟು ಏಳಾಕಾಗಲ್ಲಮ್ಮ," ಎಂದರು ತಣ್ಣಗೆ.

"ಸುಳ್ಳೋ ನಿಜವೋ ಕೂತಲ್ಲೇ ಹೆಂಗ್ರಿ ಗೊತ್ತಾಗ್ತೈತೆ?"

ಅವರು ಪೂಜೆಯ ವಸ್ತ್ರ ಮಡಚತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಓಬಣ್ಣನ ಕಡೆ ತಿರುಗಿ, "ನಡಿಯಪ್ಪ, ಮುಂದಿನ ಕೋಣೆಗೆ ಹಾಕ್ತೀನಿ, ಬೇರೆ ಜೋಡಿ ನೋಡ್ತೀನಿ," ಎಂದೆ.

"ಬ್ಯಾಡವ್ವ. ಸಾವ್ಕಾರ್ರು ಬರ್ತಾರೆ."

"ಬರ್ಲಿಲ್ಲ ಅಂದ್ರೆ?"

"ಬರ್ತಾರೆ ಬಿಡವ್ವ."

"ನಿನ್ನ ಹಣೆಬರಹ!" ಎಂದು ಬೈದು ಬಂದೆ. ಅವನ ಮೇಲೂ ಸಿಟ್ಟು, ಬಲವಂತವಾಗಿ ಎತ್ತಿ ಹಾಕದ ನನ್ನ ಮೇಲೂ ಸಿಟ್ಟು.

ಶ್ರಾವಣದ ಎರಡನೇ ಸೋಮವಾರ, ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಗಂಟೆ ಬಡಿದುಕೊಂಡಿತು. ಇವನಿಗೆ ಹಬ್ಬ ಹುಣ್ಣಿಮೆ ಏನೂ ಇಲ್ಲವಲ್ಲ ಎಂದು ಗೊಣಗುತ್ತ ಗೇಟಿನ ಕಡೆ ನೋಡಿದೆ. ಚಂದ್ರಶೇಖರನ ಬೈಕು ಇರಲಿಲ್ಲ. ಹಿಂದಿರುಗಿ ನೋಡಿದರೆ ನಡುಮನೆಯ ಯುಪಿಎಸ್ ಗೂಡಿನಿಂದ ಕಪ್ಪು ಹೊಗೆ ಉಕ್ಕುತ್ತಿತ್ತು.

ಮುಂದಿನದು ಕಲಿತಂತೆಯೇ ನಡೆಯಿತು. ಪಾತಮ್ಮ ಮೇನ್ ಸ್ವಿಚ್ ಇಳಿಸಿ, ಗ್ಯಾಸ್ ಮುಚ್ಚಿ, ಫೈರ್ ಸ್ಟೇಷನ್ನಿಗೆ ಫೋನ್ ಮಾಡಿದಳು. ನಾನು ಕೂಗಿ ಕೂಗಿ ಎಲ್ಲರನ್ನೂ ಮರದಡಿಗೆ ಸಾಗಿಸಿದೆ. ಎಣಿಸಿದೆ. ಹನ್ನೆರಡು. ಮತ್ತೆ ಎಣಿಸಿದೆ. ಹನ್ನೆರಡೇ.

ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಳಗೆ ನುಗ್ಗಿದೆ. ನಾಲ್ಕು ಹೆಜ್ಜೆಗೆ ಕಣ್ಣು ಕತ್ತಲೆ ಬಂತು, ಕೆಮ್ಮುತ್ತ ಹಿಂದಕ್ಕೆ ಬಂದೆ. ನಾನು ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಹೆದರಿದಾಗ ಬಾಯಿಗೆ ಮನೆಮಾತು ತೆಲುಗೇ ಬರುವುದು. "ದೇವುಡಾ, ದೇವುಡಾ" ಎಂದು ಹೊಸಿಲಲ್ಲಿ ನಿಂತು ಅತ್ತುಬಿಟ್ಟೆ. ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಇಬ್ಬರು ಮುದುಕರು ಹೊರಗೆ ಬಂದರೆ ಸಾಕಾಗಿತ್ತು.

ಆಗ ಒಳಗೆ ಗಾಲಿಯ ಸದ್ದು ಕೇಳಿಸಿತು.

ಹೊಗೆಯೊಳಗಿಂದ ಮೊದಲು ಕಂಡದ್ದು ಓಬಣ್ಣನ ಕೈ. ಸ್ವಾಧೀನದಲ್ಲಿರುವ ಒಂದೇ ಕೈಯನ್ನು, ಆ ಎಡಗೈಯನ್ನು, ಅಂಗೈ ಬಿಚ್ಚಿ ಮುಂದೆ ಚಾಚಿದ್ದ. ಅಂಗೈ ಮೇಲೆ ಒಂದು ಬಿಲ್ವಪತ್ರೆ, ಅದರ ಮೇಲೆ ಶಿವಮೂರ್ತಪ್ಪನವರ ಲಿಂಗ. ಹಿಂದೆ ಶಿವಮೂರ್ತಪ್ಪನವರು, ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು, ಎರಡೂ ಕೈಯಿಂದ ಕುರ್ಚಿ ತಳ್ಳುತ್ತಿದ್ದರು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಸೇರಿಸುವಷ್ಟು ಪುರಸೊತ್ತು ಅವರಿಗೆ ಇರಲಿಲ್ಲ.

ನಾನೂ ಕೈ ಹಾಕಿ ಕುರ್ಚಿಯನ್ನು ಮರದಡಿಗೆ ತಂದೆ. ಓಬಣ್ಣ ಚಾಚಿದ ಕೈಯನ್ನು ಶಿವಮೂರ್ತಪ್ಪನವರ ಕಡೆಗೆ ತಿರುಗಿಸಿದ.

"ತಗಳ್ರಿ ಸಾವ್ಕಾರ್ರೇ," ಎಂದ, ಕಣ್ಣಲ್ಲಿ ನೀರು. "ನಾನು ಮುಟ್ಟಬಾರ್ದಿತ್ತು. ಬಿದ್ದೀತು ಅಂತ ಭಯ, ಬೆರಳು ಮಡಚಾಕೂ ಭಯ."

ಶಿವಮೂರ್ತಪ್ಪನವರು ಕೆಮ್ಮುತ್ತ ಅವನ ಮುಂದೆ ಬಂದರು. ಲಿಂಗ ತೆಗೆದುಕೊಳ್ಳುತ್ತಾರೆ ಅಂದುಕೊಂಡೆ. ಅವರು ಓಬಣ್ಣನ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದರು.

"ಗಟ್ಟಿಯಾಗಿ ಹಿಡ್ಕಳಪ್ಪ," ಎಂದರು. "ಇನ್ನೂ ಪೂಜೆ ಮುಗ್ದಿಲ್ಲ."

ಆಮೇಲೆ ಆ ಮಣ್ಣಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತು, ಓಬಣ್ಣನ ಮುಷ್ಟಿಗೆ ಕೈಮುಗಿದು ಕಣ್ಣು ಮುಚ್ಚಿದರು. ಫೈರ್ ಇಂಜಿನ್ ಒಳಗೆ ಬಂತು. ಇಳಿದವರಲ್ಲೊಬ್ಬ ಓಡಿ ಬಂದು, "ಯಜಮಾನ್ರೇ, ಎದ್ದೇಳಿ, ಗೇಟಿನ ಹೊರಗೆ ನಡೀರಿ," ಎಂದು ಅವರ ಭುಜಕ್ಕೆ ಕೈ ಹಾಕಲು ಹೋದ.

"ಎರಡು ನಿಮಿಷ ತಡಿಯಪ್ಪ," ಎಂದು ನಾನೇ ಅಡ್ಡ ನಿಂತೆ.