ಮೇಸ್ತ್ರಿಯ ಮೂಗು

"ನಿಲ್ಸಪ್ಪಾ, ನಿಲ್ಸು! ಕೆಳಗಡೆ ಹೊಗೆ!" ಎಂದು ಕೂಗುತ್ತಾ ಅವಳ ತಮ್ಮ ಓಡಿಬಂದು ಶವದ ವ್ಯಾನಿನ ಪಕ್ಕಕ್ಕೆ ಅಂಗೈಯಿಂದ ಪಟಪಟನೆ ಬಡಿದ.

ಡ್ರೈವರು ಏರಿನ ನಡುವೆಯೇ ಬ್ರೇಕು ಒತ್ತಿದ. ಒಳಗೆ ಗಂಡನ ದೇಹದ ಪಕ್ಕ ಕೂತಿದ್ದ ಅವಳು ಒಂದು ಕೈಯಲ್ಲಿ ಸೀಟನ್ನೂ ಇನ್ನೊಂದರಲ್ಲಿ ಅವನ ಭುಜವನ್ನೂ ಹಿಡಿದುಕೊಂಡಳು. ಏರು ಶುರುವಾದಾಗಿನಿಂದ ಎಂಜಿನ್ನು ಅರಚುತ್ತಿತ್ತು. ಗಾಡಿ ಮಾತ್ರ ಮುಂದೆ ಹೋಗಲು ಮೀನಮೇಷ ಎಣಿಸುತ್ತಿತ್ತು.

ಹಿಂದಿನ ಕಾರುಗಳೆಲ್ಲ ನಿಂತವು. ಇಳಿದವರಲ್ಲಿ ಮುಕ್ಕಾಲು ಪಾಲು ಮೆಕ್ಯಾನಿಕ್ಕುಗಳೇ. ಸತ್ತವನು ಮೂಗು ಮೇಸ್ತ್ರಿ. ಆಟೋಮ್ಯಾಟಿಕ್ ಗಾಡಿಯ ಗೇರ್‌ಬಾಕ್ಸ್ ಕಾದರೆ, ಎಣ್ಣೆಯ ಒಂದು ಹನಿ ಮೂಸಿ ಒಳಗೇನಾಗಿದೆ ಎಂದು ಹೇಳುತ್ತಿದ್ದವನು. ಊರಿನ ಗ್ಯಾರೇಜುಗಳೆಲ್ಲ ಇವತ್ತು ಅವನಿಗಾಗಿ ಬಾಗಿಲು ಹಾಕಿದ್ದವು. ಆದರೆ ಹೊಗೆ ಕಂಡದ್ದೇ ತಡ, ಅಳುಮೋರೆಗಳನ್ನೆಲ್ಲ ಪಕ್ಕಕ್ಕಿಟ್ಟು ಅವರು ರಸ್ತೆಯ ಮೇಲೆ ಬೋರಲು ಮಲಗಿ ಗಾಡಿಯ ಹೊಟ್ಟೆ ನೋಡತೊಡಗಿದರು.

"ಸುಟ್ಟ ವಾಸನೆ ರಾಚ್ತಿದೆ. ಇದೂ ಆಟೋಮ್ಯಾಟಿಕ್ಕೇ, ಒಳಗಿನ ಕ್ಲಚ್ ಪ್ಲೇಟು ಹೋಯ್ತು" ಎಂದ ಪಕ್ಕದ ಗ್ಯಾರೇಜಿನ ಯಜಮಾನ. ಅವನನ್ನು ಎಲ್ಲರೂ ಬೋಳ ಎಂದೇ ಕರೆಯುತ್ತಿದ್ದರು.

"ಇನ್ನು ನಾಲ್ಕು ಮಾರು ಹೋದ್ರೆ ಗೇರ್‌ಬಾಕ್ಸೇ ಪುಡಿ" ಎಂದ ತಮ್ಮ. ಅವನದೂ ಅದೇ ಕಸುಬು. "ಭಾವನ್ನ ಇಳ್ಸೋಣ. ನನ್ನ ಪಿಕಪ್ ಇದೆಯಲ್ಲ."

"ನಿನ್ನ ಪಿಕಪ್‌ನಲ್ಲಿ ಜಾಕು, ಹಳೇ ಎಂಜಿನ್ನು ತುಂಬಿದೀಯಲ್ಲೋ!" ಎಂದ ಬೋಳ.

"ಒಂಚೂರು ಸರಿಸಿದ್ರಾಯ್ತು."

"ಮೇಸ್ತ್ರಿಗೆ ಅದೇ ಹಿತ ಬಿಡು" ಎಂದು ಯಾರೋ ಅಂದು, ಬಂದ ನಗುವನ್ನು ನುಂಗಿಕೊಂಡರು.

ಅವಳಿಗೆ ನಗು ಬರಲಿಲ್ಲ. ನಡುರಸ್ತೆಯಲ್ಲಿ ಗಂಡನನ್ನು ಇಳಿಸಿ ಕಬ್ಬಿಣದ ಸಾಮಾನಿನ ನಡುವೆ ತುರುಕುವುದೆಂದರೇನು?

"ಮೇಸ್ತ್ರಿ ಇದ್ದಿದ್ರೆ ಒಂದೇ ಸಲ ಮೂಸಿ ಹೇಳಿಬಿಡ್ತಿದ್ರು" ಎಂದು ಬೋಳ ನಿಟ್ಟುಸಿರುಬಿಟ್ಟ.

ಹೇಳುತ್ತಿರಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತಿತ್ತು.

*

ಕೆಲವು ವರ್ಷಗಳ ಹಿಂದೆ ಅವನಿಗೆ ದೊಡ್ಡ ಜ್ವರ ಬಂದು ಬಿಟ್ಟ ಮೇಲೆ ಒಂದು ದಿನ, ಬಟ್ಟೆ ಒಣಹಾಕಿ ಒಳಗೆ ಬಂದರೆ ಅಡುಗೆಮನೆ ತುಂಬ ಸೀದ ವಾಸನೆ. ಒಲೆಯ ಮೇಲೆ ಹಾಲಿನ ಪಾತ್ರೆಯ ತಳ ಇದ್ದಿಲಾಗಿತ್ತು. ಅವನು ಅಲ್ಲೇ ಒಲೆಗೆ ಬೆನ್ನು ಹಾಕಿ ಆರಾಮಾಗಿ ಪೇಪರು ಓದುತ್ತಿದ್ದ.

"ಮೂಗೇನು ಅಡ ಇಟ್ಟಿದೀರಾ?" ಎಂದು ಗದರಿದಳು.

ಅವನು ಪೇಪರು ಮಡಿಸಿದ. "ಅಡ ಇಟ್ಟಿದ್ರೆ ಬಿಡಿಸ್ಕೊಂಡು ಬರಬಹುದಿತ್ತು ಕಣೇ. ಹೋಗೇಬಿಟ್ಟಿದೆ. ಯಾರಿಗೂ ಹೇಳ್ಬೇಡ."

ಮರುದಿನ ಬಿಳಿ ಬಟ್ಟೆಯ ಚೂರಿನಲ್ಲಿ ಗೇರ್‌ಬಾಕ್ಸಿನ ಒಂದು ಹನಿ ಕೆಂಪೆಣ್ಣೆ ತಂದು ಅವಳ ಮೂಗಿಗೆ ಹಿಡಿದ. "ಹೇಗಿದೆ?"

"ಈಗ ತಾನೇ ಇಸ್ತ್ರಿ ಮಾಡಿದ ಬಟ್ಟೆ ಥರ."

"ಹಾಗಾದ್ರೆ ಕಾದಿದೆ, ಸುಟ್ಟಿಲ್ಲ. ಎಣ್ಣೆ ತಣ್ಣಗಾಗೋ ದಾರೀಲಿ ಏನೋ ಕಟ್ಕೊಂಡಿದೆ. ಗೇರ್‌ಬಾಕ್ಸ್ ಬಿಚ್ಚೋದು ಬೇಡ."

ಇನ್ನೊಂದು ದಿನ ಕಂದು ಹನಿ. ಅವಳು ಮುಖ ಕಿವಿಚಿ, "ಥೂ, ಕೂದಲು ಸುಟ್ಟ ಹಾಗಿದೆ" ಎಂದಳು. ಅದು ಪ್ಲೇಟು ಸುಟ್ಟ ಗಾಡಿ.

ಹೀಗೆ ಮನೆ ಮುಂದಿನ ಗ್ಯಾರೇಜಿನಿಂದ ಅಡುಗೆಮನೆಗೆ ಬಟ್ಟೆಚೂರುಗಳ ಓಡಾಟ ಶುರುವಾಯಿತು. ಈರುಳ್ಳಿ ಹೆಚ್ಚುವಾಗ ತರಬೇಡಿ ಎಂದು ಅವಳು ಬೈದರೆ, ಕೈ ತೊಳೆದುಕೊಂಡು ತಾನೇ ಹೆಚ್ಚಿಕೊಡುತ್ತಿದ್ದ. ಕಣ್ಣೀರು ಸುರಿಸುತ್ತಲೇ ಎಣ್ಣೆ ಯಾಕೆ ಕಾಯುತ್ತದೆ, ಹೇಗೆ ಕಾಯುತ್ತದೆ ಎಂದು ಹೇಳುತ್ತಿದ್ದ. ಅಷ್ಟು ಹೊತ್ತು ಅವನು ಅವಳ ಜೊತೆ ಕೂತು ಮಾತಾಡಿದ್ದು ಮದುವೆಯಾದ ಹೊಸತರಲ್ಲೂ ಇರಲಿಲ್ಲ.

*

"ನಾಲ್ಕು ಜನ ಬನ್ರಪ್ಪಾ, ಮೆಲ್ಲಗೆ ಎತ್ತಿ" ಎನ್ನುತ್ತಾ ತಮ್ಮ ವ್ಯಾನಿನ ಹಿಂಬಾಗಿಲು ತೆಗೆದ.

ಅವಳು ಗಂಡನ ಮುಖ ನೋಡಿದಳು. ಬಾಯಿ ಬಿಟ್ಟರೆ ಅವನ ಹೆಸರು ಹೋಗುತ್ತದೆ. ಬಿಡದಿದ್ದರೆ ಅವನೇ ಬೀದಿಗೆ ಬೀಳುತ್ತಾನೆ.

"ಅವರನ್ನ ಮುಟ್ಬೇಡಿ" ಎಂದು ಕೆಳಗಿಳಿದಳು. "ಎಣ್ಣೆ ತೋರ್ಸು."

"ಅಕ್ಕಾ, ನಿನಗೆ ಇದೆಲ್ಲ..."

"ತೋರ್ಸೋ ಅಂದೆ."

ತಮ್ಮ ಎಂಜಿನ್ನಿನ ಪಕ್ಕದಿಂದ ಅಳತೆಕಡ್ಡಿ ಎಳೆದು, ಕರವಸ್ತ್ರಕ್ಕೆ ಒಂದು ಹನಿ ಒರೆಸಿ ಕೊಟ್ಟ. ಅವಳು ಹೊಗೆಯಿಂದ ದೂರ, ಗಾಳಿ ಬರುವ ಕಡೆಗೆ ನಡೆದು ಕಣ್ಣು ಮುಚ್ಚಿ ಮೂಸಿದಳು.

"ಪ್ಲೇಟು ಸುಟ್ಟಿಲ್ಲ. ಎಣ್ಣೆ ಉಕ್ಕಿ ಸೈಲೆನ್ಸರ್ ಮೇಲೆ ಬಿದ್ದಿದೆ, ನಿಮಗೆ ಬರ್ತಿರೋದು ಅದರ ವಾಸನೆ. ಕಡ್ಡಿ ನೋಡಿ, ಗುರುತು ದಾಟಿ ಎಲ್ಲಿಗೋ ಹೋಗಿದೆ. ಮೇಲೆ ನೊರೆ ಬೇರೆ. ಎಣ್ಣೆ ಜಾಸ್ತಿಯಾದ್ರೆ ಸೋಪಿನ ನೀರು ಕದಡಿದ ಹಾಗಾಗುತ್ತೆ, ಕಾಯದೆ ಇನ್ನೇನಾಗುತ್ತೆ? ಬೆಳಿಗ್ಗೆ ಇದಕ್ಕೆ ಎಣ್ಣೆ ಹಾಕಿದ್ದು ಯಾರು?"

ತಮ್ಮ ಕತ್ತು ಕೆರೆದುಕೊಂಡ.

"ಭಾವ ಹೋಗೋ ಗಾಡಿ ಅಲ್ವಾ ಅಕ್ಕಾ. ಮನೆ ಮುಂದೆ ನಿಂತಿತ್ತು. ಇರ್ಲಿ ಅಂತ ಅರ್ಧ ಲೀಟರ್ ಹಾಕ್ದೆ."

"ನೀನೂನಾ?" ಎಂದ ಬೋಳ. "ನಾನೂ ಹಾಕಿದ್ನಲ್ಲೋ!"

ಹಿಂದಿನಿಂದ ಒಂದು ಕೈ ಮೇಲೆದ್ದಿತು. ಅದರ ಹಿಂದೆ ಇನ್ನೊಂದು.

ಡ್ರೈವರು ಹಣೆ ಚಚ್ಚಿಕೊಂಡ. "ಅಯ್ಯೋ ನಿಮ್ಮ! ನಾನು ಸರಿಯಾಗಿ ನೋಡ್ಕೊಂಡೇ ತಂದಿದ್ದೆ ಕಣ್ರೋ!"

ಮೊದಲು ನಕ್ಕವಳು ಅವಳೇ. ಆಮೇಲೆ ಯಾರೂ ತಡೆದುಕೊಳ್ಳಲಿಲ್ಲ.

"ಅತ್ತಿಗೆ, ಇದನ್ನೆಲ್ಲ ಮೇಸ್ತ್ರಿ ಹೇಳ್ಕೊಟ್ರಾ?" ಎಂದು ಬೋಳ ಕಣ್ಣೊರೆಸಿಕೊಂಡ.

ಹೂಂ ಎಂದು ಸುಮ್ಮನಾಗಬಹುದಿತ್ತು. "ಹೇಳ್ಕೊಟ್ಟಿದ್ದು ಅವರು. ಮೂಸ್ತಿದ್ದದ್ದು ನಾನು" ಎಂದಳು. "ಆ ಜ್ವರ ಬಂದ್ಮೇಲೆ ಅವರಿಗೆ ವಾಸನೆನೇ ಗೊತ್ತಾಗ್ತಿರ್ಲಿಲ್ಲ."

ಅವಳು ಕರವಸ್ತ್ರ ಮಡಿಸಿ ತಮ್ಮನ ಕೈಗೆ ಕೊಟ್ಟಳು.

"ಓಹೋ!" ಎಂದ ತಮ್ಮ. "ಅದಕ್ಕೇ ಭಾವ ಗಾಡಿ ಬಂದಾಗೆಲ್ಲಾ 'ತಡಿ, ಒಂದು ಗುಟುಕು ನೀರು ಕುಡಿದು ಬರ್ತೀನಿ' ಅಂತ ಒಳಗೋಡ್ತಿದ್ರು! ನಾನು ಪಾಪ, ಶುಗರ್ ಇರ್ಬೇಕು ಅಂದ್ಕೊಂಡಿದ್ದೆ."

ಬೋಳ ತಲೆ ಸವರಿಕೊಂಡ. "ಮೂಗು ಯಾರದಾದ್ರೇನು ಬಿಡಿ ಅತ್ತಿಗೆ. ನಾನು ಬಿಚ್ಚಬೇಕು ಅಂದ ಗಾಡೀನ ಬಿಚ್ಚೋದು ಬೇಡ ಅಂತ ವಾಪಸ್ ಕಳಿಸಿದ್ದು ಅವರೇ ತಾನೇ? ಆ ಹೊಟ್ಟೆಕಿಚ್ಚು ನನಗಿನ್ನೂ ಆರಿಲ್ಲ."

ಅಳತೆಕಡ್ಡಿಯ ತೂತಿಗೆ ಸಣ್ಣ ಪೈಪು ಬಿಟ್ಟು, ಪಾಳಿಯ ಮೇಲೆ ಬಾಯಿಂದ ಎಳೆದು, ಥೂ ಥೂ ಎಂದು ಉಗುಳುತ್ತಾ ಹೆಚ್ಚಿನ ಎಣ್ಣೆಯನ್ನೆಲ್ಲ ಡಬ್ಬಕ್ಕೆ ಇಳಿಸಿದರು. ಹೊಗೆ ನಿಂತಿತು. ಗೇರ್‌ಬಾಕ್ಸ್ ಆರುವವರೆಗೆ ಅವಳು ರಸ್ತೆಬದಿಯ ಕಟ್ಟೆಯ ಮೇಲೆ ಕೂತಿದ್ದಳು. ಯಾರೂ ಅವಸರ ಮಾಡಲಿಲ್ಲ.

ಆಮೇಲೆ ಅವಳು ಮತ್ತೆ ಗಂಡನ ಪಕ್ಕ ಹತ್ತಿ ಕೂತಳು. ಡ್ರೈವರು ಗೇರ್ ಲಿವರ್ ಎಳೆದಾಗ ವ್ಯಾನು ತಕರಾರಿಲ್ಲದೆ ಹೊರಟಿತು. ಮೆಕ್ಯಾನಿಕ್ಕುಗಳು ಮಾತ್ರ ಕಾರು ಹತ್ತಲಿಲ್ಲ. ಎಲ್ಲರೂ ಹಿಂದೆ ಬಂದು ತಳ್ಳತೊಡಗಿದರು.

"ಬೇಡ್ರೋ, ಗಾಡಿ ತಾನೇ ಹತ್ತುತ್ತಿದೆ!" ಎಂದು ಡ್ರೈವರು ಕೂಗಿದ.

ಅವಳು ಹಿಂತಿರುಗಿ ನೋಡಿದಳು. ಹಿಂಬದಿಯ ಗಾಜಿಗೆ ಅಂಗೈಗಳು ಒತ್ತಿಕೊಂಡಿದ್ದವು. ರೇಖೆ ರೇಖೆಯಲ್ಲೂ ಕಪ್ಪು ಇಳಿದ ಅಂಗೈಗಳು. ಏರು ಮುಗಿದು ರಸ್ತೆ ಸಮನಾಯಿತು, ವ್ಯಾನು ವೇಗ ಹಿಡಿಯಿತು. ಅವರು ಓಡತೊಡಗಿದರು. ಒಂದು ಕೈಯೂ ಗಾಜನ್ನು ಬಿಡಲಿಲ್ಲ.