ಮೊದಲು ಹೆಸರು ಕೇಳಬೇಕು

ನನ್ನ ಮಂಡಿ ಬದಲಾಯಿಸಿದ ನಾಲ್ಕನೆಯ ದಿನವೇ ಆಸ್ಪತ್ರೆಯವರು ನನ್ನನ್ನು ಮನೆಗೆ ಸಾಗಹಾಕಿದರು. ಹಾಸಿಗೆಗಳು ಇದ್ದವಂತೆ, ಪಕ್ಕದಲ್ಲಿ ನಿಲ್ಲಲು ನರ್ಸುಗಳು ಇರಲಿಲ್ಲವಂತೆ. ಮಗ ಅರ್ಜುನ ಗಣಿ ಇಂಜಿನಿಯರು. ಎರಡು ವಾರ ಗಣಿಯಲ್ಲಿ, ಒಂದು ವಾರ ಆಸ್ಟ್ರೇಲಿಯಾದ ಪರ್ತ್‌ನ ಮೋರ್ಲಿಯಲ್ಲಿರುವ ನಮ್ಮ ಮನೆಯಲ್ಲಿ. ಸೊಸೆ ಸುಪ್ರೀತಾ ಬೆಳಿಗ್ಗೆ ಏಳಕ್ಕೇ ಆಫೀಸಿಗೆ ಹೊರಡುತ್ತಾಳೆ. ಹಾಗಾಗಿ ನನಗೆ ಸ್ನಾನ ಮಾಡಿಸಿ, ನಾಲ್ಕು ಹೆಜ್ಜೆ ನಡೆಸಿ ಹೋಗಲು ಏಜೆನ್ಸಿಯೊಂದು ವಾರಕ್ಕೆ ನಾಲ್ಕು ಬೆಳಿಗ್ಗೆ ಅರ್ಲೀನ್ ಎಂಬ ಫಿಲಿಪೀನ್ಸಿನ ಹೆಂಗಸನ್ನು ಕಳಿಸಿತು.

ಮೈಸೂರಿನಲ್ಲಿ ಮೂವತ್ತೊಂದು ವರ್ಷ ಟೀಚರಾಗಿದ್ದವಳು ನಾನು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಬೇರೆಯವರ ಕೈಯಲ್ಲಿ ಮೈ ತೊಳೆಸಿಕೊಳ್ಳಬೇಕಾಯಿತಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಮೊದಲ ದಿನ ಬಾಗಿಲಲ್ಲೇ ಹೇಳಿದೆ, ನೀರು ಬಿಸಿ ಇರಬೇಕು, ಮಾತು ಕಡಿಮೆ ಇರಬೇಕು ಅಂತ. ಅವಳು ನಕ್ಕು "ಆಯ್ತು, ಲೋಲಾ" ಅಂದಳು. ಅವರ ಕಡೆ ಲೋಲಾ ಎಂದರೆ ಅಜ್ಜಿ. ನಾವಿಬ್ಬರೂ ಮಾತಾಡುತ್ತಿದ್ದದ್ದು ನಮ್ಮ ನಮ್ಮ ಇಂಗ್ಲಿಷಿನಲ್ಲಿ. ನಾನು ಇಲ್ಲಿ ನನ್ನ ಭಾಷೆಯಲ್ಲಿ ಹೇಳುತ್ತಿದ್ದೇನೆ, ಅಷ್ಟೆ.

ಸ್ನಾನ ಮುಗಿಯುವಷ್ಟರಲ್ಲಿ ನನ್ನ ಸಿಟ್ಟು ಅರ್ಧಕ್ಕೆ ಇಳಿದಿತ್ತು. ಒಂದೇ ಒಂದು ಟವಲನ್ನು ಅತ್ತಿತ್ತ ಸರಿಸುತ್ತ, ನನಗೆ ಒಂದು ಕ್ಷಣವೂ ಮುಜುಗರವಾಗದಂತೆ, ಮಂಡಿಯ ಪಟ್ಟಿಗೆ ಒಂದು ಹನಿ ನೀರೂ ತಾಗದಂತೆ ಅವಳು ಕೆಲಸ ಮುಗಿಸಿದ್ದಳು.

"ಇದೆಲ್ಲಾ ಎಲ್ಲಿ ಕಲಿತೆ?"

"ನಾನು ನರ್ಸು, ಲೋಲಾ. ಸೆಬುವಿನಲ್ಲಿ ಏಳು ವರ್ಷ, ರಿಯಾದ್‌ನಲ್ಲಿ ಐದು ವರ್ಷ. ಐಸಿಯುನಲ್ಲಿ."

"ಮತ್ತೆ ಇಲ್ಲಿ ಯಾಕೆ ನನ್ನ ಬೆನ್ನು ತಿಕ್ತಾ ಕೂತಿದೀಯ?"

ಆಮೇಲೆ ತಿಳಿಯಿತು. ಇಲ್ಲಿ ನರ್ಸ್ ಎಂದು ನೋಂದಾಯಿಸಿಕೊಳ್ಳಲು ಅಡಿಲೇಡ್‌ಗೆ ಹೋಗಿ ಒಂದು ಪ್ರಾಯೋಗಿಕ ಪರೀಕ್ಷೆ ಪಾಸು ಮಾಡಬೇಕು. ಸಾಲಾಗಿ ಕೋಣೆಗಳು, ಕೋಣೆಗೊಬ್ಬ ನಟಿಸುವ ರೋಗಿ, ಮೂಲೆಯಲ್ಲೊಬ್ಬ ಪರೀಕ್ಷಕ, ಪ್ರತಿ ಕೋಣೆಗೂ ಎಣಿಸಿಟ್ಟ ನಿಮಿಷಗಳು. ಮೂರೇ ಸಲ ಅವಕಾಶ. ಅರ್ಲೀನ್ ಎರಡು ಸಲ ಫೇಲಾಗಿದ್ದಳು. ಮೂರನೆಯದಕ್ಕೆ ಆರು ವಾರ ಬಾಕಿ ಇತ್ತು. ಪರ್ತ್‌ನಿಂದ ಐದು ಗಂಟೆ ದಾರಿಯ ಒಂದು ಹಳ್ಳಿ ಆಸ್ಪತ್ರೆ ನರ್ಸಿಲ್ಲದೆ ಅರ್ಧ ವಾರ್ಡು ಮುಚ್ಚಿಕೊಂಡು ಅವಳಿಗಾಗಿ ಕಾದಿತ್ತು. ಪಾಸಾದರೆ ಅಲ್ಲಿ ನರ್ಸು. ಇಲ್ಲವಾದರೆ ನನ್ನಂಥವರ ಬೆನ್ನು, ಆಯಸ್ಸು ಪೂರ್ತಿ.

ಫೇಲಾದ ವಿದ್ಯಾರ್ಥಿಯನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. "ಎಲ್ಲಿ ತಪ್ಪಾಯ್ತು?" ಅಂತ ಕೇಳಿದೆ.

ಅವಳು ತಲೆ ತಗ್ಗಿಸಿದಳು. "ನನ್ನ ಕೈಗೆ ಎಲ್ಲಾ ಗೊತ್ತು. ಆದರೆ ಅಲ್ಲಿ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿಕೊಂಡೇ ಮಾಡಬೇಕು. ಮೊದಲು ನನ್ನ ಹೆಸರು, ಆಮೇಲೆ ರೋಗಿಯ ಪೂರ್ತಿ ಹೆಸರು, ಹುಟ್ಟಿದ ದಿನ. ಎರಡು ಸಲವೂ ಎದುರಿಗೆ ವಯಸ್ಸಾದ ಹೆಂಗಸು ಮಲಗಿದ್ದಳು. ಅಮ್ಮನ ವಯಸ್ಸಿನವಳನ್ನು ಹೆಸರು ಹಿಡಿದು ಹೇಗೆ ಕರೆಯೋದು? ಲೋಲಾ ಅಂದುಬಿಟ್ಟೆ. ನೇರವಾಗಿ ಕೈ ಹಿಡಿದು ನಾಡಿ ನೋಡಿದೆ. ಯಾವ ರೋಗಿ ಅಂತ ಖಚಿತ ಮಾಡಿಕೊಳ್ಳಲಿಲ್ಲ ಅಂತ ಅಲ್ಲಿಗೇ ಮುಗೀತು."

ನನಗೆ ನಗು ಬಂತು. ನನ್ನ ಯಜಮಾನರು ಮೂವತ್ತೆಂಟು ವರ್ಷ ನನ್ನನ್ನು "ಇವಳೇ" ಎಂದೇ ಕರೆದರು. ಶಾಲೆಯಲ್ಲಿ ಮಿಸ್ಸು, ಇಲ್ಲಿ ಅಮ್ಮ, ಅಜ್ಜಿ, ಆಂಟಿ. ನನ್ನ ಹೆಸರನ್ನು ಕೇಳಿ ತಿಳಿದುಕೊಳ್ಳುವವರು ದೇವಸ್ಥಾನದ ಅರ್ಚಕರು ಮಾತ್ರ. ಅದನ್ನೇ ಹಿಡಿದುಕೊಂಡೆ.

"ನೋಡು, ದೇವಸ್ಥಾನಕ್ಕೆ ಹೋಗ್ತೀನಿ. ದೇವರು ಎದುರಿಗೇ ಇದಾನೆ, ನಾನು ಯಾರು ಅಂತ ಅವನಿಗೆ ಗೊತ್ತಿಲ್ವಾ? ಆದ್ರೂ ಅರ್ಚನೆ ಮಾಡೋಕೆ ಮುಂಚೆ ಹೆಸರು, ಗೋತ್ರ, ನಕ್ಷತ್ರ ಕೇಳೇ ಕೇಳ್ತಾರೆ. ಮೊಮ್ಮಗನ ವಯಸ್ಸಿನ ಅರ್ಚಕ ರುಕ್ಮಿಣಿ ಅಂತಾನೆ. ಅದು ಮರ್ಯಾದೆ ಕಮ್ಮಿ ಅಂತಲ್ಲ. ಈ ಪೂಜೆ ಇವಳಿಗೇ ಸೇರಲಿ, ಪಕ್ಕದವಳಿಗಲ್ಲ ಅಂತ."

ಅರ್ಲೀನ್ ತಲೆ ಎತ್ತಿದಳು. "ನಮ್ಮ ಚರ್ಚಿನಲ್ಲೂ ಮಗುವಿಗೆ ದೀಕ್ಷಾಸ್ನಾನದ ನೀರು ಹಾಕುವ ಮುಂಚೆ ಪಾದ್ರಿ ಹೆಸರು ಕೇಳ್ತಾರೆ" ಎಂದಳು.

"ಹಾಗಾದ್ರೆ ನಾಳೆಯಿಂದ ನಾನೇ ರೋಗಿ, ನಾನೇ ಪರೀಕ್ಷಕಿ. ಸ್ನಾನ ಆದ್ಮೇಲೆ ಅರ್ಧ ಗಂಟೆ."

ಅರ್ಜುನನ ಬಿಪಿ ಮೆಷಿನ್, ಔಷಧಿಗೆ ಸ್ಟೀಲಿನ ಲೋಟ, ಸಮಯ ಮುಗಿದರೆ, ತಪ್ಪಾದರೆ ತಟ್ಟೆಗೆ ಬಡಿಯಲು ಒಂದು ಸೌಟು. ಮಂಚದ ಮೇಲೆ ನಾನು. ಅವಳು ಬಾಗಿಲಿನಿಂದ ಬಂದು "ಗುಡ್ ಮಾರ್ನಿಂಗ್, ನನ್ನ ಹೆಸರು ಅರ್ಲೀನ್, ನಾನು ರಿಜಿಸ್ಟರ್ಡ್ ನರ್ಸ್" ಎನ್ನಬೇಕು. ರಿಜಿಸ್ಟರ್ಡ್ ಎನ್ನುವಲ್ಲಿ ಅವಳ ದನಿ ಕುಗ್ಗುತ್ತಿತ್ತು, ಸುಳ್ಳು ಹೇಳುತ್ತಿರುವವಳ ಹಾಗೆ. ಆಮೇಲೆ "ರು... ರುಕ್... ಲೋಲಾ". ನಾನು ಸೌಟು ಬಡಿಯುತ್ತಿದ್ದೆ. ಅವಳು ಮತ್ತೆ ಬಾಗಿಲಿಗೆ.

ಹುಟ್ಟಿದ ದಿನದ್ದು ಇನ್ನೊಂದು ಫಜೀತಿ. ನಾನು ನವೆಂಬರ್ ಐದು ಎಂದೆ. ನನ್ನ ಆಸ್ಪತ್ರೆಯ ಕಾಗದದಲ್ಲಿ ಜೂನ್ ಒಂದು ಎಂದಿತ್ತು. "ಹುಟ್ಟಿದ್ದು ನರಕ ಚತುರ್ದಶಿ ದಿನ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಅಂತ ಬರ್ಕೊಂಡ್ರು, ನಮ್ಮ ಕ್ಲಾಸಲ್ಲಿ ಅರ್ಧ ಜನ ಅವತ್ತೇ ಹುಟ್ಟಿದವರು" ಎಂದು ವಿವರಿಸಿದೆ. ಅವಳು ಬಿದ್ದು ಬಿದ್ದು ನಕ್ಕು, ಎರಡನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಒಂದು ಮಾತು ಮುಚ್ಚಿಡಬಾರದು. ಒಂದು ದಿನ ಅವಳು ನನ್ನ ತಲೆ ಬಾಚುತ್ತಿದ್ದಾಗ, ಇವಳು ಪಾಸಾದರೆ ಹೊರಟುಹೋಗುತ್ತಾಳಲ್ಲ ಎಂಬ ಯೋಚನೆ ಬಂತು. ಅವತ್ತು ಅವಳು ಹೆಸರು ನುಂಗಿದಾಗ ನಾನು ಸೌಟು ಎತ್ತಲಿಲ್ಲ. ಸರಿಯಾಗಿದೆ ಎಂದುಬಿಟ್ಟೆ. ಮೂವತ್ತೊಂದು ವರ್ಷದಲ್ಲಿ ಯಾವ ಮಗುವಿಗೂ ಮಾಡದ ಅನ್ಯಾಯ ಅದು. ರಾತ್ರಿಯೆಲ್ಲ ಚುಚ್ಚುತ್ತಿತ್ತು. ಮಾರನೆಯ ಬೆಳಿಗ್ಗೆ ಅವಳು ಬರುತ್ತಲೇ ಹೇಳಿದೆ, "ನಿನ್ನೆ ನಾನು ತಪ್ಪು ಮಾರ್ಕ್ಸ್ ಕೊಟ್ಟೆ. ಇನ್ನೊಂದ್ಸಲ ಮಾಡು."

ಆ ಬೆಳಿಗ್ಗೆಯ ಪಾಠ, ಆಪರೇಷನ್ ಆದ ರೋಗಿಯನ್ನು ಪರೀಕ್ಷಿಸುವುದು. ಅರ್ಲೀನ್ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ನಿಂತಳು. ನಾಡಿ ನೋಡುವ ನೆಪದಲ್ಲಿ ನರ್ಸುಗಳು ಉಸಿರನ್ನೂ ಎಣಿಸುತ್ತಾರೆ ಎಂದು ಅವಳೇ ಹಿಂದೆ ಹೇಳಿಕೊಟ್ಟಿದ್ದಳು. ನಿಮಿಷ ಮುಗಿದರೂ ಕೈ ಬಿಡಲಿಲ್ಲ. ಆಮೇಲೆ ನನ್ನ ಮೀನಖಂಡವನ್ನು ಮುಟ್ಟಿದಳು. ನೋವಾಯಿತು. ಇನ್ನೊಂದು ಕಾಲನ್ನೂ ಮುಟ್ಟಿ ಹೋಲಿಸಿದಳು.

"ರುಕ್ಮಿಣಿ" ಎಂದಳು. ಒಂಚೂರೂ ತೊದಲಲಿಲ್ಲ. "ಉಸಿರು ಕಟ್ಟಿದ ಹಾಗೆ ಯಾವಾಗಿನಿಂದ ಆಗ್ತಿದೆ?"

ನಿನ್ನೆ ಸಂಜೆಯಿಂದ ಸ್ವಲ್ಪ ಏದುಸಿರು ಇತ್ತು. ವ್ಯಾಯಾಮ ಜಾಸ್ತಿಯಾಯಿತು ಎಂದುಕೊಂಡು, ಸುಪ್ರೀತಾ ರಜೆ ಹಾಕುತ್ತಾಳೆಂದು ಬಾಯಿ ಬಿಟ್ಟಿರಲಿಲ್ಲ. ಈಗ, ರೋಗಿಯ ಪಾತ್ರಕ್ಕೆ ಒಪ್ಪುತ್ತದಲ್ಲ ಎಂದುಕೊಂಡು, ಇದ್ದದ್ದನ್ನು ಹೇಳಿಬಿಟ್ಟೆ.

"ರುಕ್ಮಿಣಿ, ನಿಮ್ಮ ಬಲಗಾಲು ಊದಿದೆ, ಬಿಸಿಯಾಗಿದೆ. ಉಸಿರು ನಿಮಿಷಕ್ಕೆ ಇಪ್ಪತ್ತಾರು. ರಕ್ತ ಹೆಪ್ಪುಗಟ್ಟಿರಬಹುದು. ಕಾಲು ಅಲ್ಲಾಡಿಸಬೇಡಿ. ನಾನು ಈಗ ಆಂಬುಲೆನ್ಸ್ ಕರೀತೀನಿ, ನಿಮ್ಮ ಪಕ್ಕದಲ್ಲೇ ಇರ್ತೀನಿ." ಫೋನೆತ್ತಿ ನನ್ನ ಹೆಸರು, ವಯಸ್ಸು, ಆಪರೇಷನ್ ಆದ ದಿನ, ನಾಡಿ, ಉಸಿರು, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದಳು.

ನನಗೋ ಹೆಮ್ಮೆ ಉಕ್ಕಿತು. ಸೌಟನ್ನು ಪಕ್ಕಕ್ಕಿಟ್ಟು ಚಪ್ಪಾಳೆ ತಟ್ಟಿದೆ. "ಭೇಷ್. ನೂರಕ್ಕೆ ನೂರು. ಆ ಫೋನ್ ಮಾಡೋದಂತೂ ನಿಜದ ಹಾಗೇ ಇತ್ತು."

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ರುಕ್ಮಿಣಿ, ಇದು ಪ್ರಾಕ್ಟೀಸ್ ಅಲ್ಲ."

ಆಂಬುಲೆನ್ಸಿನವನು ಹುಟ್ಟಿದ ದಿನ ಕೇಳಿದಾಗ ನಾನು ಗಾಬರಿಯಲ್ಲಿ ನವೆಂಬರ್ ಐದು ಎಂದೆ. ಅವನು ಕಂಪ್ಯೂಟರಿನಲ್ಲಿ ಹುಡುಕಿ, ಇಂಥವರು ಯಾರೂ ಇಲ್ಲ ಎಂದ. "ಜೂನ್ ಒಂದು" ಎಂದು ಅರ್ಲೀನ್ ಪಕ್ಕದಿಂದ ಹೇಳಿದಳು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತದ ಒಂದು ಚೂರು ಆಗಲೇ ಶ್ವಾಸಕೋಶಕ್ಕೆ ಹೋಗಿತ್ತು. ಸಂಜೆಯವರೆಗೆ ಬಿಟ್ಟಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು.

ಮರುದಿನ ಅರ್ಜುನ ಗಣಿಯಿಂದ ವಿಮಾನ ಹತ್ತಿ ಬಂದ. ವಾರ್ಡಿನಲ್ಲಿ ಅರ್ಲೀನಳಿಗೆ ಕೈ ಮುಗಿದು, ನನ್ನ ಕಡೆ ತಿರುಗಿ ರೇಗಿದ. "ಉಸಿರು ಕಟ್ತಿದೆ ಅಂತ ಹೇಳೋಕೇನಾಗಿತ್ತಮ್ಮಾ ನಿಂಗೆ?"

"ಕೇಳೋರು ಸರಿಯಾಗಿ ಕೇಳ್ಬೇಕಪ್ಪ. ಅವಳು ಕೇಳಿದ್ಲು, ಹೇಳ್ದೆ" ಅಂದೆ.

ಅಡಿಲೇಡ್‌ಗೆ ಹೊರಡುವ ಹಿಂದಿನ ದಿನ ಅವಳಿಗೆ ಚಿತ್ರಾನ್ನ ಕಟ್ಟಿಸಿಕೊಟ್ಟೆ. ಪ್ರತಿ ಬಾಗಿಲಲ್ಲೂ ನನ್ನ ಸೌಟು ನೆನಪಿರಲಿ ಎಂದೆ. ಅವಳು ಹೋಗಿ ಬಂದಳು, ಮೊದಲಿನಂತೆ ನನಗೆ ಸ್ನಾನ ಮಾಡಿಸಿದಳು. ಫಲಿತಾಂಶಕ್ಕೆ ನಾಲ್ಕೈದು ವಾರ ಕಾಯಬೇಕಿತ್ತು. ದೇವರ ಮುಂದೆ ದಿನಾ ಕೂತು, ನಾನೇ ಅರ್ಚಕಿಯಾಗಿ ಅವಳ ಹೆಸರು ಹೇಳುತ್ತಿದ್ದೆ. ಗೋತ್ರ ಗೊತ್ತಿರಲಿಲ್ಲ, ಸೆಬು ಎಂದೆ.

ಪರೀಕ್ಷೆಯಾದ ಐದನೆಯ ವಾರದ ಒಂದು ಮಂಗಳವಾರ, ಅವಳ ಪಾಳಿಯಲ್ಲದ ದಿನ, ಕಾಲಿಂಗ್ ಬೆಲ್ ಆಯಿತು. ಕೋಲು ಹಿಡಿದು ಹೋಗಿ ಬಾಗಿಲು ತೆರೆದೆ. ಅರ್ಲೀನ್ ಏಜೆನ್ಸಿಯ ಅಂಗಿಯಲ್ಲಿರಲಿಲ್ಲ. ಚರ್ಚಿಗೆ ಹೋಗುವ ಹಳದಿ ಉಡುಪು ಹಾಕಿದ್ದಳು. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನೆಟ್ಟಗೆ ನಿಂತಳು.

"ಗುಡ್ ಮಾರ್ನಿಂಗ್. ನನ್ನ ಹೆಸರು ಅರ್ಲೀನ್. ನಾನು ರಿಜಿಸ್ಟರ್ಡ್ ನರ್ಸ್."

ಈ ಸಲ ದನಿ ಎಲ್ಲೂ ಕುಗ್ಗಲಿಲ್ಲ. ಇನ್ನು ಅವಳು ಆ ದೂರದ ಆಸ್ಪತ್ರೆಗೆ ಹೋಗುತ್ತಾಳೆ, ನನ್ನ ಬೆನ್ನಿಗೆ ಇನ್ಯಾರೋ ಬರಬೇಕು, ಬರುವವರು ಸಿಕ್ಕುವುದೂ ಕಷ್ಟ. ಅದೆಲ್ಲ ಗೊತ್ತಿದ್ದೂ ನನಗೆ ಆದದ್ದು ಸಂತೋಷವೇ. ಈ ಹೆಂಗಸು ನನ್ನ ಉಸಿರು ಎಣಿಸಿದ್ದಕ್ಕೆ ನಾನು ಇವತ್ತು ಈ ಬಾಗಿಲಲ್ಲಿ ನಿಂತಿದ್ದೇನೆ. ಆ ಹಳ್ಳಿಯಲ್ಲೂ ಯಾರದೋ ಉಸಿರು ಅವಳಿಗಾಗಿ ಕಾದಿರುತ್ತದೆ.

"ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?"

"ರುಕ್ಮಿಣಿ ಶ್ರೀಕಂಠಯ್ಯ."

"ಹೇಗೆ ಕರೆದರೆ ನಿಮಗೆ ಇಷ್ಟ?"

"ರುಕ್ಮಿಣಿ ಅಂತಲೇ."

"ಹುಟ್ಟಿದ ದಿನ?"

ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದೆ, "ಯಾವುದು ಹೇಳ್ಲಿ? ಕಾಗದದ್ದಾ?"

"ಕಾಗದದ್ದು ನನಗೆ ಗೊತ್ತಿದೆ" ಎಂದಳು ಅರ್ಲೀನ್. "ಅಮ್ಮ ನಿಮ್ಮನ್ನು ಹೆತ್ತ ದಿನ ಹೇಳಿ. ಅವತ್ತು ರಜೆ ಹಾಕಿ ಬರ್ತೀನಿ."