ಮೇಲಿನಿಂದಲೇ ಇಳಿಯಬೇಕಾದ ಹಲಗೆ

ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮರುದಿನವೇ ಟೇಪಣ್ಣ ಕ್ಲಬ್ಬಿನ ಕಾರ್ಯದರ್ಶಿಗೆ ಫೋನು ಮಾಡಿ, ಸಭೆ ಕರೆಯಿರಿ, ಒಂದು ನಿಯಮ ತೆಗೆಯಬೇಕು ಎಂದ. ಕಾರ್ಯದರ್ಶಿ ಇನ್ನೊಂದು ಸಲ ಹೇಳಿಸಿಕೊಂಡ. ನಿಯಮ ಸೇರಿಸಿ ಎಂದು ಪಟ್ಟು ಹಿಡಿಯುವ ಟೇಪಣ್ಣ ಎಲ್ಲರಿಗೂ ಗೊತ್ತು. ತೆಗೆಯಿರಿ ಎನ್ನುವ ಟೇಪಣ್ಣನನ್ನು ಯಾರೂ ಕಂಡಿರಲಿಲ್ಲ.

ಟೇಪಣ್ಣ ಎನ್ನುವುದು ಅವನ ಅಡ್ಡಹೆಸರು. ಎರಡು ಸಪೂರ ಒಡಲುಗಳನ್ನು ಜೋಡಿಸಿ ಕಟ್ಟುವ ಹಾಯಿದೋಣಿ ಇದೆಯಲ್ಲ, ಕಟಮರಾನ್, ಅದರ ಪಂದ್ಯಗಳಿಗೆ ಅವನು ಅಳತೆಗಾರ. ಉದ್ದ ಇಷ್ಟು, ಅಗಲ ಇಷ್ಟು, ತೂಕ ಇದಕ್ಕಿಂತ ಇಳಿಯಬಾರದು, ಹಾಯಿ ಇದಕ್ಕಿಂತ ಹಿಗ್ಗಬಾರದು. ಆ ಚೌಕಟ್ಟಿನೊಳಗೆ ಯಾರು ಏನು ಬೇಕಾದರೂ ಕಟ್ಟಲಿ, ಅಳೆದು ಪಾಸು ಮಾಡುವವನು ಇವನು. ಟೇಪು ಹಿಡಿದು ದೋಣಿಗಳ ಸುತ್ತ ಬಗ್ಗಿ ಬಗ್ಗಿ ಸೊಂಟ ಹೋಯಿತು, ಹೆಸರು ಉಳಿಯಿತು.

ತೆಗೆಯಬೇಕೆಂದ ನಿಯಮವನ್ನು ಬರೆದವನೂ ಅವನೇ. ಹಿಂದೆ ಒಬ್ಬ ಪುಣ್ಯಾತ್ಮ ದೋಣಿ ಪಕ್ಕಕ್ಕೆ ಜಾರದಂತೆ ಒಡಲಿನ ಸೀಳಿನಿಂದ ನೀರಿಗೆ ಇಳಿಬಿಡುವ ಹಲಗೆಯ ತುದಿಗೆ ಅಡ್ಡಡ್ಡ ಒಂದು ರೆಕ್ಕೆ ಕೂರಿಸಿಕೊಂಡು ಬಂದ. ಗಾಳಿ ಬೀಸಿದ್ದೇ ತಡ, ದೋಣಿ ನೀರು ಬಿಟ್ಟು ಮೇಲೆದ್ದು ಹಾರಿಕೊಂಡೇ ಹೋಯಿತು. ದಡದಲ್ಲಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು, ಆಮೇಲೆ ಟೇಪಣ್ಣನ ಕುತ್ತಿಗೆಗೆ ಬಿದ್ದರು. ಹೀಗಾದರೆ ನಮ್ಮ ದೋಣಿಗಳೆಲ್ಲ ಒಲೆಗೇ ಸೈ ಎಂದು ಗೋಳಾಡಿದರು. ಅವನು ಕೂತು ಒಂದೇ ಸಾಲು ಬರೆದ: ಹಲಗೆಯನ್ನು ಒಡಲಿನ ಸೀಳಿನೊಳಗೆ ಮೇಲಿನಿಂದಲೇ ಇಳಿಸಬೇಕು, ಕೆಳಗಿನಿಂದ ಏರಿಸುವಂತಿಲ್ಲ. ಸೀಳು ಕಿರಿದು, ರೆಕ್ಕೆ ಅಗಲ, ತೂರುವುದೇ ಇಲ್ಲ. ಹಾರಾಟದ ಕಥೆ ಮುಗಿಯಿತೆಂದು ಎಲ್ಲರೂ ಅವನ ಬೆನ್ನು ತಟ್ಟಿದರು.

ಎಲ್ಲಿ ಮುಗಿಯುತ್ತದೆ? ಮುಂದಿನ ವರ್ಷ ಒಬ್ಬ ಹಲಗೆಯನ್ನೇ ಬಾಗಿಸಿಕೊಂಡು ಬಂದ. ಮತ್ತೊಬ್ಬ ಅದನ್ನು ಮೊಣಕೈಯ ಹಾಗೆ ಮಡಿಸಿದ. ಎಲ್ಲವೂ ಮೇಲಿನಿಂದಲೇ ಇಳಿಯುತ್ತಿದ್ದವು, ಇಳಿಯುತ್ತ ಸುಳಿದು ತಿರುಗುತ್ತಿದ್ದವು. ಟೇಪಣ್ಣ ಹಲ್ಲು ಕಚ್ಚಿಕೊಂಡು ಪಾಸು ಮಾಡಿದ. ಈ ಸೊಟ್ಟ ಹಲಗೆಗಳೂ ದೋಣಿಯನ್ನು ಎತ್ತಿದವು, ನಿಜ. ಆದರೆ ಆ ಮೊದಲ ರೆಕ್ಕೆ ದೋಣಿಯನ್ನು ಒಂದೇ ಎತ್ತರದಲ್ಲಿ ಹಿಡಿದಿಡುತ್ತಿತ್ತು. ಇವು ಎತ್ತುತ್ತವೆ, ನಡುವೆ ಹೇಳದೆ ಕೇಳದೆ ಕೈಬಿಡುತ್ತವೆ. ದೋಣಿಗಳು ಹಾರಬಾರದೆಂದು ಅವನು ಬರೆದ ಸಾಲು ಅವುಗಳಿಗೆ ಕೆಟ್ಟದಾಗಿ ಹಾರುವುದನ್ನು ಕಲಿಸಿತ್ತು. ಹಾಗೆ ಹಲಗೆ ಮಡಿಸುವುದರಲ್ಲಿ ಎಲ್ಲರನ್ನೂ ಮೀರಿಸಿದವಳು ಅವನ ಮಗಳೇ.

ಮೊನ್ನೆ ಅವಳ ದೋಣಿ ಮೇಲೆದ್ದು, ಮೂಗು ಮುಂದಾಗಿ ನೀರಿಗೆ ಬಿತ್ತು. ಅವಳ ಎಡ ಹೆಗಲಿನ ಎಲುಬು ಮುರಿಯಿತು. ವೈದ್ಯರು ಪುಣ್ಯ ಎಂದರು. ಸ್ವಲ್ಪ ಆಚೆ ಬಿದ್ದಿದ್ದರೆ ಕತ್ತೇ ಹೋಗುತ್ತಿತ್ತಂತೆ.

ಸಭೆಯ ದಿನ ಬೆಳಿಗ್ಗೆ ಅವನು ಮನೆಯ ಹಿಂದಿನ ಶೆಡ್ಡಿಗೆ ಹೋದ. ಅಂಟಿನ ವಾಸನೆ ಮೂಗಿಗೆ ಬಡಿಯಿತು. ಮಗಳು ಎಡಗೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಇಳಿಬಿಟ್ಟು, ಬಲಗೈಯಲ್ಲಿ ಕಾರ್ಬನ್ ನಾರಿನ ಹೊಸ ಹಲಗೆಗೆ ಉಪ್ಪುಕಾಗದ ತಿಕ್ಕುತ್ತಿದ್ದಳು. ಕರಿ ಧೂಳು ಮೊಣಕೈವರೆಗೂ ಮೆತ್ತಿತ್ತು.

“ಡಾಕ್ಟ್ರು ಏನಂದ್ರು, ನೀನೇನು ಮಾಡ್ತಿದ್ದೀಯ?”

“ಎಡಗೈ ಆಡಿಸ್ಬೇಡ ಅಂದ್ರು. ಇದು ಬಲಗೈ ಕಣಪ್ಪಾ.”

ನಿಯಮದ ಸಂದು ಹುಡುಕುವುದು ಇವಳಿಗೆ ರಕ್ತದಲ್ಲೇ ಬಂದಿದೆ ಎಂದುಕೊಂಡ. ನಗು ಬರಲಿಲ್ಲ. ಗೋಡೆಗೆ ಒರಗಿಸಿದ್ದ ಅಚ್ಚುಗಳ ಪಕ್ಕ ಸ್ಟೂಲೆಳೆದು ಕೂತ. “ಇವತ್ತು ಆ ನಿಯಮ ತೆಗೆಸ್ತೀನಿ. ಆಮೇಲೆ ಕೆಳಗಿಂದನೇ ನೇರವಾದ ರೆಕ್ಕೆ ಹಾಕ್ಕೋ. ನೆಟ್ಟಗೆ ಹಾರು. ನನಗೆ ಸಾಕಾಗಿದೆ ಮಗಳೇ.”

ಅವಳು ತಿಕ್ಕುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. “ಅಮ್ಮ ತಿಂಡಿಗೆ ಕರೀತಿದ್ದಾಳೆ ನೋಡು” ಎಂದಳು.

ಕ್ಲಬ್ಬಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಟೇಪಣ್ಣನಿಗೆ ಭಾಷಣ ಬಾರದು. ಎದ್ದು ನಿಂತು, ನಾನು ಬರೆದದ್ದು ತಪ್ಪು ದಾರಿ ಹಿಡಿಯಿತು, ಮಕ್ಕಳು ಬೀಳುತ್ತಿದ್ದಾರೆ, ನನ್ನದೂ ಬಿತ್ತು, ಇನ್ನು ನೋಡಲಾರೆ, ತೆಗೆದುಬಿಡಿ ಎಂದ. ಕಾರ್ಯದರ್ಶಿ ಮೂರನೆಯ ಸಾಲಿನಲ್ಲಿ ಕೂತಿದ್ದ ಮಗಳ ಕಡೆ ತಿರುಗಿ, “ನೋವು ತಿಂದೋಳು ನೀನಮ್ಮ. ನೀನು ಹೇಳಿದ ಹಾಗೆ ಆಗ್ಲಿ” ಎಂದ. ಹಲವರು ಹೌದು ಹೌದು ಎಂದು ತಲೆಯಾಡಿಸಿದರು. ಟೇಪಣ್ಣನಿಗೆ ಹೋದ ಜೀವ ಬಂದಂತಾಯಿತು.

ಮಗಳು ಕುರ್ಚಿಯ ಬೆನ್ನು ಹಿಡಿದು ಎದ್ದಳು.

“ನಿಯಮ ತೆಗೆದ್ರೆ ಎಲ್ಲಾ ಮೊದಲಿಂದ ಶುರು ಮಾಡ್ಬೇಕು” ಎಂದಳು. “ಈ ಹಲಗೆ ಎಲ್ಲಿ ಬಗ್ಗಬೇಕು, ಎಷ್ಟು ಬಗ್ಗಬೇಕು ಅಂತ ಕಂಡುಕೊಳ್ಳೋಕೆ ನನ್ನ ಅರ್ಧ ಆಯಸ್ಸು ಹೋಗಿದೆ. ಅದು ಯಾಕೆ ಕೈಬಿಡ್ತು ಅಂತಾನೂ ನನಗೆ ಈಗ ಗೊತ್ತು. ಬೀಳೋವಾಗಲೇ ಗೊತ್ತಾಯ್ತು. ನೇರ ರೆಕ್ಕೆ ಯಾರು ಬೇಕಾದ್ರೂ ಅಂಗಡಿಯಿಂದ ತಂದು ಹಾಕ್ಕೋಬಹುದು. ಇದನ್ನ ನಾನು ಮಾತ್ರ ಮಾಡಬಲ್ಲೆ.” ಅಪ್ಪನ ಕಡೆ ನೋಡಿದಳು. ದನಿ ತಗ್ಗಿತು. “ಕ್ಷಮಿಸಪ್ಪಾ. ನನಗೆ ಆ ನಿಯಮ ಬೇಕು.”

ಅವನು ಕಕ್ಕಾಬಿಕ್ಕಿಯಾಗಿ ನಿಂತ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಹಟ ಅವನಿಗೆ ಹೊಸದಲ್ಲ. ಅವನು ಹೆದರಿದ್ದು, ಬಿದ್ದದ್ದನ್ನು ಹೇಳುವಾಗ ಅವಳ ಮುಖದಲ್ಲಿ ಕಂಡ ಸಂತೋಷಕ್ಕೆ.

ಮತಕ್ಕೆ ಹಾಕಿದರು. ಕೈಗಳನ್ನು ಎಣಿಸುವುದು ಯಾವಾಗಲೂ ಅಳತೆಗಾರನ ಕೆಲಸ, ಅವನಷ್ಟು ನಿಷ್ಠುರದವನು ಬೇರೆ ಯಾರೂ ಇಲ್ಲವೆಂದು. ನಿಯಮ ಉಳಿಯಲಿ ಎನ್ನುವವರು ಕೈ ಎತ್ತಿ ಎಂದು ಕಾರ್ಯದರ್ಶಿ ಕೂಗಿದ. ಎಲ್ಲರಿಗಿಂತ ಮೊದಲು ಮಗಳ ಬಲಗೈ ಮೇಲೇರಿತು. ಅದನ್ನು ನೋಡಿ ಹಿಂದಿನ ಸಾಲುಗಳಲ್ಲಿ ಒಂದೊಂದೇ ಕೈ ಎದ್ದಿತು.

ಟೇಪಣ್ಣ ಬೆರಳೆತ್ತಿ, ಅವಳಿಂದಲೇ ಶುರುಮಾಡಿ, “ಒಂದು” ಎಂದ.